ಹೇಡೀಸ್, ಗೆಹೆನ್ನ, ಟಾರ್ಟರಸ್: ಯಾವ ಪುಸ್ತಕ ಎಷ್ಟು ದೂರ ಕರೆದೊಯ್ಯುತ್ತದೆ?

1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ಕೊನೆಯ ಪುಸ್ತಕವಾದ ಪ್ರಕಟನೆಯ 20:14 ಓದಿದರೆ, ಮರಣವನ್ನೂ ನರಕವನ್ನೂ ಬೆಂಕಿಯ ಕೆರೆಗೆ ಎಸೆಯಲಾಯಿತು ಎಂಬ ಅರ್ಥ ಬರುತ್ತದೆ. ನರಕವೇ ಬೆಂಕಿಯ ಜಾಗವಾದರೆ ಅದನ್ನು ಇನ್ನೊಂದು ಬೆಂಕಿಗೆ ಎಸೆಯುವುದು ಹೇಗೆ? ಅದೇ ವಚನವನ್ನು ಕನ್ನಡ ಸತ್ಯವೇದದಲ್ಲಿ ತೆಗೆದರೆ ಈ ತೊಡಕಿಲ್ಲ. ಕೆರೆಗೆ ಬೀಳುವುದು ಮೃತ್ಯು ಮತ್ತು ಪಾತಾಳ. ಗ್ರೀಕ್ ಮೂಲದಲ್ಲಿ ಇರುವುದು ಥಾನತೊಸ್ (ಸಾವು) ಮತ್ತು ಹೇಡೀಸ್ (ಸತ್ತವರ ಲೋಕ).

ಆ ಹಳೆಯ ಇಂಗ್ಲಿಷ್ ಅನುವಾದ ಹೇಡೀಸ್, ಗೆಹೆನ್ನ, ಟಾರ್ಟರಸ್ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಪದ ಬಳಸಿದೆ. ನಮ್ಮ ಕನ್ನಡ ಅನುವಾದಕರು ಹೇಡೀಸ್‌ಗೆ ಪಾತಾಳ, ಗೆಹೆನ್ನಕ್ಕೆ ನರಕ, ‘ಅಬಿಸ್ಸೊಸ್’ (ತಳವಿಲ್ಲದ ಆಳ) ಎಂಬುದಕ್ಕೆ ಅಧೋಲೋಕ ಎಂದು ಬೇರೆಬೇರೆ ಮಾಡಿದ್ದಾರೆ. ಹಾಗಾಗಿ ಈ ವಿಷಯದಲ್ಲಿ ಕನ್ನಡ ಓದುಗ ಒಂದು ಹೆಜ್ಜೆ ಮುಂದೆಯೇ ಇದ್ದಾನೆ. ಕೊರತೆ ಇಲ್ಲವೆಂದಲ್ಲ. ನಮ್ಮ ಪುರಾಣಗಳ ಪಾತಾಳ ನಾಗರು ವಾಸಿಸುವ ಸಿರಿವಂತ ಲೋಕ. ಸತ್ತವರು ಹೋಗುವುದು ಯಮನ ಬಳಿಗೆ. ಪಾತಾಳ ಎಂದಕೂಡಲೇ ಕನ್ನಡ ಕಿವಿಗೆ ಸತ್ತವರ ನೆಲೆ ಕೇಳಿಸುವುದಿಲ್ಲ. ಶವಸಂಸ್ಕಾರದ ಪ್ರಸಂಗಗಳಲ್ಲಿ, ಅಂದರೆ ಸಭೆಯ ಬೋಧನೆಗಳಲ್ಲಿ, ಈ ವಚನಗಳನ್ನೆಲ್ಲ ಒಂದಕ್ಕೊಂದು ಬೆರೆಸಿ, ದುಃಖದಲ್ಲಿ ಕೂತವರ ಮುಂದೆ ಓದುವುದನ್ನು ಕೇಳಿ ನನಗೆ ನೋವಾಗಿದೆ. ಆದ್ದರಿಂದ ಕೈಗೆ ಸಿಗುವ ಆಕರಗಳನ್ನು ಅವೇ ವಚನಗಳ ಮೇಲೆ ಪ್ರಯೋಗಿಸಿ ನೋಡಿದೆ. ಅವು ನಾಲ್ಕು: ಬೈಬಲಿನ ಪದಸೂಚಿಯಾದ ಸ್ಟ್ರಾಂಗ್ ಕನ್‌ಕಾರ್ಡನ್ಸ್, ಪ್ರಾಚೀನ ಗ್ರೀಕ್ ಭಾಷೆಯ ಲಿಡೆಲ್–ಸ್ಕಾಟ್–ಜೋನ್ಸ್ ನಿಘಂಟು, ಬಾವರ್–ಡ್ಯಾಂಕರ್ ನಿಘಂಟು, ಮತ್ತು ನಿಘಂಟೇ ಅಲ್ಲದ ಒಂದು ಗ್ರಂಥ, ಗ್ರೀಕ್ ಹಳೆಯ ಒಡಂಬಡಿಕೆಯಾದ ಸೆಪ್ಟುಅಜಿಂಟ್.

ಸ್ಟ್ರಾಂಗ್ (1890) ಎಲ್ಲರ ಮೊಬೈಲಿನಲ್ಲೂ ಇದೆ. ಪ್ರತಿ ಗ್ರೀಕ್ ಪದಕ್ಕೂ ಒಂದು ಸಂಖ್ಯೆ. ಹೇಡೀಸ್ 86, ಗೆಹೆನ್ನ 1067. ಗ್ರೀಕ್ ಲಿಪಿ ಬಾರದವರೂ ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಪಟ್ಟಿ ಮಾಡಬಹುದು. ಗೆಹೆನ್ನ ಹೊಸ ಒಡಂಬಡಿಕೆಯಲ್ಲಿ ಬರುವುದು 12 ಸಲ, ಅದರಲ್ಲಿ 11 ಯೇಸುವಿನ ಬಾಯಲ್ಲೇ, ಉಳಿದ ಒಂದು ಯಾಕೋಬನ ಪತ್ರದಲ್ಲಿ. ಪೌಲನ ಪತ್ರಗಳಲ್ಲಿ ಒಮ್ಮೆಯೂ ಇಲ್ಲ. ಇಷ್ಟು ತಿಳಿಯಲು ಸ್ಟ್ರಾಂಗ್ ಸಾಕು. ಆದರೆ ಪದದ ಮುಂದೆ ಅದು ಕೊಡುವ ಅರ್ಥಗಳ ಸಾಲು ಬಹುಪಾಲು ಕಿಂಗ್ ಜೇಮ್ಸ್ ಅನುವಾದಕರು ಬಳಸಿದ ಪದಗಳ ಪಟ್ಟಿ. ಅದನ್ನೇ ‘ಗ್ರೀಕ್ ಅರ್ಥ’ ಎಂದು ಪ್ರಸಂಗದಲ್ಲಿ ಹೇಳಿದರೆ ಇಂಗ್ಲಿಷಿನಿಂದ ಹೊರಟು ಇಂಗ್ಲಿಷಿಗೇ ಬಂದು ಸೇರಿದಂತೆ.

ಇದು ಚೆನ್ನಾಗಿ ಗೊತ್ತಾಗುವುದು ಪ್ರಕಟನೆ 6:8ರಲ್ಲಿ ಸಾವು ಏರಿ ಬರುವ ನಾಲ್ಕನೆಯ ಕುದುರೆಯಲ್ಲಿ. ಅದರ ಬಣ್ಣ ‘ಖ್ಲೋರೊಸ್’. ಸ್ಟ್ರಾಂಗ್ ಪ್ರಕಾರ ಹಸಿರು ಛಾಯೆ, ಇಲ್ಲವೇ ಮಂಕು. ಮಾರ್ಕ 6:39ರಲ್ಲಿ ಐದು ಸಾವಿರ ಜನ ಊಟಕ್ಕೆ ಕೂತ ಹಸಿರು ಹುಲ್ಲಿಗೂ ಇದೇ ಪದ. ಹುಲ್ಲಿನ ಬಣ್ಣ ಸಾವಿನ ಕುದುರೆಗೆ ಏಕೆ? ಇಲ್ಲಿ ಲಿಡೆಲ್–ಸ್ಕಾಟ್ ಕೈಹಿಡಿಯುತ್ತದೆ. ಹೋಮರನ ಕಾವ್ಯದಲ್ಲಿ ಯೋಧರನ್ನು ಆವರಿಸುವ ಭಯಕ್ಕೆ ‘ಖ್ಲೋರೊಸ್’ ಎಂಬುದು ಕಾಯಂ ವಿಶೇಷಣ. ರಕ್ತ ಇಳಿದುಹೋದ ಮುಖದ ಬಣ್ಣವದು. ಪ್ರಕಟನೆ ಬರೆದ ಯೋಹಾನನ ಕಾಲಕ್ಕೆ ಗ್ರೀಕ್ ಆಡುತ್ತಿದ್ದವರಿಗೆ ಈ ಬಳಕೆ ಹೊಸತಲ್ಲ.

ಅದೇ ವಚನದ ಮುಂದಿನ ಭಾಗದಲ್ಲಿ ಲಿಡೆಲ್–ಸ್ಕಾಟ್ ನನಗೆ ಸಾಲಲಿಲ್ಲ. ಆ ಸವಾರನ ಹೆಸರು ಥಾನತೊಸ್. ಹಿಂದೆಯೇ ಹೇಡೀಸ್ ಬರುತ್ತಾನೆ. ಅವರಿಗೆ ಕತ್ತಿಯಿಂದ, ಬರದಿಂದ, ‘ಥಾನತೊಸ್‌ನಿಂದ’, ಮೃಗಗಳಿಂದ ಕೊಲ್ಲುವ ಅಧಿಕಾರ. ಸಾವಿನಿಂದ ಕೊಲ್ಲುವುದು ಎಂದರೇನು? ಸೆಪ್ಟುಅಜಿಂಟಿನ ಯೆಹೆಜ್ಕೇಲ 14:21 ತೆರೆದಾಗ ಉತ್ತರ ಸಿಕ್ಕಿತು. ಯೆರೂಸಲೇಮಿನ ಮೇಲೆ ದೇವರು ಕಳಿಸುವ ನಾಲ್ಕು ದಂಡನೆಗಳು ಅಲ್ಲಿವೆ: ಕತ್ತಿ, ಬರ, ದುಷ್ಟಮೃಗ, ಥಾನತೊಸ್. ಹೀಬ್ರೂ ಮೂಲದಲ್ಲಿ ನಾಲ್ಕನೆಯದು ‘ದೆವೆರ್’, ಅಂದರೆ ಸಾಂಕ್ರಾಮಿಕ ರೋಗ. ಗ್ರೀಕ್ ಅನುವಾದಕರು ಆ ಪದಕ್ಕೆ ಥಾನತೊಸ್ ಎಂದೇ ಬರೆಯುವ ರೂಢಿ ಇಟ್ಟುಕೊಂಡಿದ್ದರು. ಯೋಹಾನನ ಪಟ್ಟಿ ಈ ಪಟ್ಟಿಯೇ. ಊರಿಗೆ ಮಾರಿ ಬಂತು ಎಂದು ನಮ್ಮ ಹಿರಿಯರು ಹೇಳುವಾಗ ಆ ಪದದಲ್ಲಿ ರೋಗವೂ ಸಾವೂ ಒಟ್ಟಿಗೇ ಇರುತ್ತವಲ್ಲ, ಹಾಗೆ. ಸ್ಟ್ರಾಂಗ್‌ನಲ್ಲಿ ಇದರ ಸುಳಿವೂ ಇಲ್ಲ. ಬಾವರ್–ಡ್ಯಾಂಕರ್‌ನಲ್ಲಿ ಈ ಅರ್ಥ ಈ ವಚನದ ಉಲ್ಲೇಖದೊಂದಿಗೇ ಇದೆ. ಆದರೆ ಎರಡೂ ವಚನಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಬರುವ ನಿಶ್ಚಯ ನಿಘಂಟಿನ ಒಂದು ಸಾಲಿನಿಂದ ಬರುವುದಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅಪೊಸ್ತಲರ ಕೃತ್ಯಗಳು 2:24ರಲ್ಲಿ ಪೇತ್ರನು, ದೇವರು ಯೇಸುವನ್ನು ಮರಣದ ‘ಓದೀನೆಸ್’ಗಳನ್ನು ಬಿಚ್ಚಿ ಎಬ್ಬಿಸಿದನು, ಮರಣಕ್ಕೆ ಆತನನ್ನು ಹಿಡಿದಿಡಲು ಆಗಲಿಲ್ಲ ಎನ್ನುತ್ತಾನೆ. ಓದೀನೆಸ್ ಎಂದರೆ ಹೆರಿಗೆ ನೋವು. ಇದರಲ್ಲಿ ಎಲ್ಲ ನಿಘಂಟುಗಳದೂ ಒಂದೇ ಮಾತು. ಆದರೆ ನೋವನ್ನು ಬಿಚ್ಚುವುದೇನು, ನೋವು ಹಿಡಿದಿಡುವುದೇನು? ಕೀರ್ತನೆ 18ಕ್ಕೆ ಹೋಗಬೇಕು. ಅಲ್ಲಿನ ಹೀಬ್ರೂ ಪದವನ್ನು ಸ್ವರಚಿಹ್ನೆಗಳಿಲ್ಲದೆ ಬರೆದಾಗ ‘ಹಗ್ಗ’ ಎಂದೂ ಓದಬಹುದು, ‘ಪ್ರಸವವೇದನೆ’ ಎಂದೂ ಓದಬಹುದು. ಕೀರ್ತನೆಗಾರನನ್ನು ಸುತ್ತಿಕೊಂಡದ್ದು ಮರಣದ ಪಾಶ. ಗ್ರೀಕ್ ಅನುವಾದಕ ಅದನ್ನು ವೇದನೆ ಎಂದು ಓದಿದ. ಪೇತ್ರನ ಮಾತಿನಲ್ಲಿ ‘ಬಿಚ್ಚಿ’, ‘ಹಿಡಿದಿಡು’ ಎಂಬ ಕ್ರಿಯಾಪದಗಳು ಹಗ್ಗದವು, ನಾಮಪದ ಹೆರಿಗೆಯದು. ಹೊರಬರಬೇಕಾದ ಮಗುವನ್ನು ಒಳಗೇ ತಡೆಹಿಡಿಯಲಾರದ ತಾಯಿಯಂತೆ ಮರಣ ಇಲ್ಲಿ ಕಾಣುತ್ತದೆ. ಎರಡು ಚಿತ್ರಗಳೂ ಒಂದೇ ವಾಕ್ಯದಲ್ಲಿ ಬದುಕಿವೆ. ಇದನ್ನು ಕಂಡ ಮೇಲೆ ಈಸ್ಟರ್ ದಿನ ಈ ವಚನ ಓದುವಾಗ ನನ್ನ ದನಿಯೇ ಬೇರೆಯಾಯಿತು.

ಕೆಲವೇ ಸಾಲುಗಳ ನಂತರ, 2:27ರಲ್ಲಿ, ಪೇತ್ರನು ಕೀರ್ತನೆ 16ನ್ನು ಉಲ್ಲೇಖಿಸುವಾಗ ಹೇಡೀಸ್ ಎನ್ನುತ್ತಾನೆ. ಹೀಬ್ರೂವಿನಲ್ಲಿ ಅಲ್ಲಿ ‘ಶೆಯೋಲ್’, ಅಂದರೆ ಸತ್ತವರ ನೆಲೆ, ಇದೆ. ಲಿಡೆಲ್–ಸ್ಕಾಟ್ ಹೇಡೀಸ್ ಎಂದರೆ ಮೊದಲು ತೋರಿಸುವುದು ಗ್ರೀಕರ ಮೃತ್ಯುದೇವತೆಯನ್ನೂ ಅವನ ಮನೆಯನ್ನೂ. ಪೇತ್ರನ ಕೀರ್ತನೆಗೆ ಅದು ಹೊಂದುವುದಿಲ್ಲ. ಅಲ್ಲಿ ಬೇಕಾದದ್ದು ಒಳ್ಳೆಯವರೂ ಕೆಟ್ಟವರೂ ಇಳಿಯುವ ಶೆಯೋಲ್. ಟಾರ್ಟರಸ್ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. 2 ಪೇತ್ರ 2:4ರಲ್ಲಿ ಒಂದೇ ಸಲ, ಅದೂ ಕ್ರಿಯಾಪದವಾಗಿ ಬರುವ ಈ ಪದದ ಹಿಂದೆ ಪ್ರಾಚೀನ ಗ್ರೀಕ್ ಕವಿ ಹೆಸಿಯೋಡನ ಕಾವ್ಯವಿದೆ. ಭೂಮಿಯಿಂದ ಬಿಟ್ಟ ಕಮ್ಮಾರನ ಕಂಚಿನ ಅಡಿಗಲ್ಲು ಒಂಬತ್ತು ಹಗಲು ಒಂಬತ್ತು ರಾತ್ರಿ ಬಿದ್ದು, ಹತ್ತನೆಯ ದಿನ ಮುಟ್ಟುವಷ್ಟು ಆಳದಲ್ಲಿ ಟೈಟನ್ನರೆಂಬ ಹಳೆಯ ದೇವತೆಗಳನ್ನು ಕೂಡಿಹಾಕಿದ ಸೆರೆ ಅದು. ಪಾಪಮಾಡಿದ ದೇವದೂತರನ್ನು ತೀರ್ಪಿನವರೆಗೆ ಇಟ್ಟ ಜಾಗಕ್ಕೆ ಪತ್ರಲೇಖಕ ಈ ಪದ ಆರಿಸಿದ್ದು ಸರಿಯಾಗಿಯೇ ಇದೆ. ಮನುಷ್ಯರ ಮಾತು ಆ ವಚನದಲ್ಲಿ ಇಲ್ಲ.

ಗೆಹೆನ್ನದಲ್ಲಿ ಯಾವುದೂ ಪೂರ್ತಿ ಸಾಲದು. ಲಿಡೆಲ್–ಸ್ಕಾಟ್‌ನಲ್ಲಿ ತೀರ ಚಿಕ್ಕ ಟಿಪ್ಪಣಿ. ಸೆಪ್ಟುಅಜಿಂಟಿನಲ್ಲಿ ಈ ರೂಪ ಕಾಣುವುದೇ ಅಪರೂಪ. ಯೆರೆಮೀಯ 7ನ್ನು ಓದಿದರೆ ಈ ಹೆಸರಿನ ಮೂಲವಾದ, ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ, ಅಲ್ಲಿ ಮಕ್ಕಳನ್ನು ಬೆಂಕಿಗೆ ಅರ್ಪಿಸಿದ್ದು, ಅದಕ್ಕೆ ‘ಕೊಲೆಯ ಕಣಿವೆ’ ಎಂಬ ಹೆಸರು ಬರುವುದೆಂಬ ಪ್ರವಾದನೆ, ಎಲ್ಲವೂ ತಿಳಿಯುತ್ತದೆ. ಯೇಸುವಿನ ಕಾಲದ ಯೆರೂಸಲೇಮಿನವರಿಗೆ ಆ ಕಣಿವೆ ಕಣ್ಣಳತೆಯಲ್ಲೇ ಇತ್ತು. ಸದಾ ಹೊಗೆಯಾಡುವ ಊರ ಕಸದ ಗುಂಡಿ ಅದಾಗಿತ್ತು ಎಂಬ ಮಾತು ಪ್ರಸಂಗಗಳಲ್ಲಿ ಬಹಳ ಓಡಾಡುತ್ತದೆ. ಅದಕ್ಕೆ ಹಳೆಯ ಸಾಕ್ಷಿ ಎಂದು ತೋರಿಸುವುದು ಯೆಹೂದಿ ಪಂಡಿತ ದಾವೀದ ಕಿಮ್ಹಿಯ (1160–1235) ವ್ಯಾಖ್ಯಾನವನ್ನು, ಅಂದರೆ ಯೇಸುವಿನ ಕಾಲದಿಂದ ಸಾವಿರ ವರ್ಷಕ್ಕೂ ಆಚೆಯದನ್ನು. ಆ ವಿವರ ಬಿಟ್ಟು ಯೆರೆಮೀಯನನ್ನೇ ಓದಿ. ಕಸಕ್ಕಿಂತ ಆ ಮಕ್ಕಳ ನೆನಪು ಎಷ್ಟೋ ಭಾರವಾದದ್ದು.

ಬಾವರ್–ಡ್ಯಾಂಕರ್ (ಮೂರನೆಯ ಆವೃತ್ತಿ, 2000) ಹೊಸ ಒಡಂಬಡಿಕೆ ಮತ್ತು ಆದಿಸಭೆಯ ಬರಹಗಳಿಗೆಂದೇ ಮಾಡಿದ ನಿಘಂಟು. ನಿಖರತೆಯಲ್ಲಿ ಮೊದಲ ಸ್ಥಾನ ಅದಕ್ಕೇ. ಬೆಲೆ ಮಾತ್ರ ದುಬಾರಿ. ಹತ್ತಿರದಲ್ಲಿ ದೇವಶಾಸ್ತ್ರ ಕಾಲೇಜಿದ್ದರೆ ಅಲ್ಲಿನ ಗ್ರಂಥಾಲಯದಲ್ಲಿ ವಿಚಾರಿಸಿ. ಲಿಡೆಲ್–ಸ್ಕಾಟ್ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲೂ ಶಿಕಾಗೊ ವಿಶ್ವವಿದ್ಯಾಲಯದ ಲೋಗಿಯಾನ್‌ನಲ್ಲೂ ಉಚಿತ. ಗ್ರೀಕ್ ಅಷ್ಟಾಗಿ ಬಾರದವರಿಗೆ ನನ್ನ ಶಿಫಾರಸು ಇದು: ಎದುರಿಗೆ ಕನ್ನಡ ಸತ್ಯವೇದ, ಪದ ಹುಡುಕಲು ಸ್ಟ್ರಾಂಗ್ ಸಂಖ್ಯೆ, ಅರ್ಥಕ್ಕೆ ಸೆಪ್ಟುಅಜಿಂಟಿನ ಇಂಗ್ಲಿಷ್ ಅನುವಾದ. ಅದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕೀರ್ತನೆಗಳ ಸಂಖ್ಯೆ ಅಲ್ಲಿ ಹೆಚ್ಚಿನ ಕಡೆ ಒಂದು ಕಡಿಮೆ ಇರುತ್ತದೆ. ನಮ್ಮ 18 ಅಲ್ಲಿ 17, ನಮ್ಮ 16 ಅಲ್ಲಿ 15.