ಚಳ್ಳಕೆರೆ ಕಂಬಳಿ ಸ್ಪಿತಿ ಚಳಿಗೆ ಹೆಂಗೆ ತಡೀತು, ತಗೊಳ್ಳೋರು ಓದ್ರಿ

ಫೆಬ್ರವರಿಲಿ ನಾನು ನಮ್ಮೆಜಮಾನ್ರು ಹಿಮಾಚಲದ ಲಾಹೌಲ್ ಸ್ಪಿತಿ ಜಿಲ್ಲೆಗೆ ಹೋಗಿ ಕಾಜಾದಲ್ಲಿ ಆರು ದಿನ ಇದ್ದು ಬಂದ್ವಿ. ಹೋಗೋ ಮುಂಚೆ ದಾವಣಗೆರೆಯಿಂದ ಚಳ್ಳಕೆರೆಗೆ ಹೋಗಿ ಒಂದು ಕರಿ ಕಂಬಳಿ ತಂದಿದ್ವಿ, ಗುಂಡಿ ಮಗ್ಗದಲ್ಲಿ ಕೈಯಲ್ಲಿ ನೇಯ್ದಿದ್ದು, 2,200 ರೂಪಾಯಿ ಬಿತ್ತು, ಮನೇಲಿ ತೂಕ ಹಾಕಿದ್ರೆ 2 ಕೆಜಿ 400 ಗ್ರಾಂ. ಜೊತೆಗೆ ಆನ್‌ಲೈನಲ್ಲಿ ಎರಡು ಜಾಕೆಟ್ಟೂ ತರಿಸಿದ್ವಿ, ಮೈನಸ್ 20 ತಡಿಯುತ್ತೆ ಅಂತ ಲೇಬಲ್ ಮೇಲೆ ದೊಡ್ಡದಾಗಿ ಬರೆದಿತ್ತು.

ಮೊದಲು ಆ ಚಳಿ ಎಂಥದು ಅಂತ ಹೇಳ್ಬೇಕು, ಇಲ್ಲಾಂದ್ರೆ ಕಂಬಳಿ ಬೆಲೆ ತಿಳಿಯಲ್ಲ. ನಮ್ಮ ಕಡೆ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಗೆ ಇಳಿದ್ರೆ ಟೋಪಿ ಮಫ್ಲರ್ ಹೊರಗೆ ಬರ್ತವೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದ್ರೆ ಕಾಜಾ 3,600ರ ಮೇಲೆ, ಸಾವಿರ ಮೀಟರ್ ಹತ್ತಿದಂಗೆ ಸುಮಾರು ಆರೂವರೆ ಡಿಗ್ರಿ ಕಮ್ಮಿ ಆಗ್ತಾ ಹೋಗುತ್ತೆ, ಅದು ಸಾಲದು ಅಂತ ಗಾಳಿ ಪೂರ್ತಿ ಒಣ, ಹಗಲು ಮುಖ ಸುಡೋಷ್ಟು ಬಿಸಿಲಿದ್ರೂ ಸೂರ್ಯ ಗುಡ್ಡದ ಮರೆಗೆ ಹೋದ ಕೂಡ್ಲೆ ನೆಲದ ಕಾವೆಲ್ಲ ಹಾರಿಹೋಗುತ್ತೆ, ಹಿಡಿದಿಡೋಕೆ ಮೋಡನೇ ಇರಲ್ಲ. ಹೋಂಸ್ಟೇ ಕಿಟಕಿಗೆ ನೇತು ಹಾಕಿದ ಥರ್ಮಾಮೀಟರ್ ನಮ್ಮ ಎರಡನೇ ಬೆಳಗ್ಗೆ ಮೈನಸ್ 19 ತೋರಿಸ್ತಿತ್ತು. ನಲ್ಲಿ ಪೈಪೆಲ್ಲ ಹೆಪ್ಪುಗಟ್ಟಿ, ನೀರು ಬಕೆಟ್ಟಲ್ಲಿ ಹೊತ್ತು ತರೋದು. ಮನಾಲಿ ಕಡೆಯಿಂದ ಹೋಗೋಣ ಅಂದ್ರೆ ಲಾಹೌಲ್‌ನಿಂದ ಸ್ಪಿತಿಗೆ ದಾಟೋ ಕುಂಜುಮ್ ಪಾಸ್ ಅನ್ನೋ ಬೆಟ್ಟದ ದಾರಿ ಚಳಿಗಾಲ ಪೂರ್ತಿ ಹಿಮದಲ್ಲಿ ಮುಚ್ಚಿರುತ್ತೆ, 2020ರಲ್ಲಿ ಶುರುವಾದ ಅಟಲ್ ಟನಲ್ ಲಾಹೌಲ್ ಕಡೆಗಷ್ಟೇ ದಾರಿ, ಅದಕ್ಕೆ ನಾವು ಶಿಮ್ಲಾ, ಕಿನ್ನೌರ್, ನಾಕೋ, ತಾಬೋ ಅಂತ ಸುತ್ತಿ ಹೋದ್ವಿ.

ನಂಗೆ ಅಲ್ಲಿ ಹೊಳೆದಿದ್ದು ಏನಂದ್ರೆ ಸ್ಪಿತಿನೂ ಚಳ್ಳಕೆರೆನೂ ಮಳೆ ಮರೆಯಾದ ಸೀಮೆಗಳೇ. ನಮಗೆ ಪಶ್ಚಿಮ ಘಟ್ಟ ಮುಂಗಾರು ತಡೆದಂಗೆ ಅವರಿಗೆ ಹಿಮಾಲಯದ ಪೀರ್ ಪಂಜಾಲ್ ಸಾಲು ತಡೀತದೆ, ಅವರಿಗೆ ನೀರು ಬರೋದು ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರೋ ವೆಸ್ಟರ್ನ್ ಡಿಸ್ಟರ್ಬೆನ್ಸ್ ಸುರಿಸೋ ಹಿಮದಿಂದ, ಅದೇ ಕರಗಿ ಬೇಸಿಗೇಲಿ ಹೊಲಕ್ಕೆ ಹೋಗುತ್ತೆ. ಎರಡೂ ಕಡೆ ಜನ ಕುರಿ ಸಾಕಿ ಉಣ್ಣೆ ನೇಯ್ದು ಬದುಕಿದ್ದಾರೆ.

ಈಗ ಕಂಬಳಿ. ಹೊಸದರಲ್ಲಿ ಹಲಗೆ ಹಂಗೆ ಬಿರುಸು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿರ್ತಾರಲ್ಲ ಅದಕ್ಕೆ. ಕೊಟ್ಟ ಅಜ್ಜ ಹೇಳಿದ್ರು, "ಅವ್ವಾ, ಹೋಗೋಕೆ ತಿಂಗಳು ಮುಂಚೆ ದಿನಾ ಹೊದ್ದು ಮಲಗು, ಮೈಗೆ ಹೊಂದ್ಕೊಳ್ಳುತ್ತೆ" ಅಂತ. ಮಾಡಿದ್ದೇ ಒಳ್ಳೇದಾಯ್ತು, ಆದ್ರೂ ಬರೀ ಮೈಗೆ ತಾಗಿದ್ರೆ ಚುಚ್ಚುತ್ತೆ, ಒಳಗೆ ಕಾಟನ್ ಬೆಡ್‌ಶೀಟ್ ಇಟ್ಕೊಳ್ಳಿ.

ರಾತ್ರಿ ಹೋಂಸ್ಟೇನವರು ಬುಖಾರಿ ಒಲೆ ಆರಿಸಿಬಿಡ್ತಾರೆ, ಅದು ಸರಿನೇ, ಮುಚ್ಚಿದ ರೂಮಲ್ಲಿ ಬೆಂಕಿ ಇಟ್ಟು ಮಲಗಬಾರದು. ಆಮೇಲೆ ರೂಮೂ ಮೈನಸ್‌ಗೆ ಇಳಿಯುತ್ತೆ. ಅವರು ಕೊಟ್ಟ ರಜಾಯಿ ಮೇಲೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹೊದ್ರೆ ಸ್ವಲ್ಪ ಹೊತ್ತಿಗೇ ಕಾಲ್ಬೆರಳು ಬೆಚ್ಚಗಾಗ್ತಿತ್ತು. ಕುರಿ ಕೂದಲ ಸಂದೀಲಿ ಗಾಳಿ ನಿಲ್ಲುತ್ತೆ, ಆ ನಿಂತ ಗಾಳಿನೇ ಮೈ ಕಾವನ್ನ ಹೊರಗೆ ಬಿಡದೆ ಹಿಡ್ಕೊಳ್ಳೋದು. ಬೆಳಗ್ಗೆ ಕಣ್ಣು ಬಿಟ್ಟಾಗ ಬಾಯಿ ಹತ್ರದ ಅಂಚಲ್ಲಿ ಒಂದೊಂದು ಕರಿ ಕೂದಲ ತುದಿಗೂ ರವೆಯಷ್ಟು ಬಿಳಿ ಮಣಿ ಕೂತಿತ್ತು, ನಮ್ಮ ಉಸಿರೇ ಹೆಪ್ಪುಗಟ್ಟಿದ್ದು. ಕೈಲಿ ಒರೆಸಿದ್ರೆ ಉದುರಿ ಬಿತ್ತು, ಒಳಮಡಿಕೆ ಮುಟ್ಟಿ ನೋಡಿದ್ರೆ ಒಣಗೇ ಇತ್ತು, ಉಣ್ಣೆ ಎಷ್ಟೋ ತೇವ ಒಳಗೆ ಎಳ್ಕೊಂಡ್ರೂ ಕೈಗೆ ಹಸಿ ಅನ್ನಿಸಲ್ಲ.

ಹಿಮ ಬಿದ್ದ ದಿನ ನಮ್ಮೆಜಮಾನ್ರು ಅದನ್ನ ಕೊಪ್ಪೆ ಹಾಕ್ಕೊಂಡು ಅಂಗಳಕ್ಕೆ ಹೋದ್ರು, ಹೊಲದಲ್ಲಿ ಮಳೆಗೆ ಹಾಕ್ಕೋತಾರಲ್ಲ ಹಂಗೇ. ಅಲ್ಲಿ ಹಿಮ ಪುಡಿ ಪುಡಿ ಒಣ ಇರುತ್ತೆ, ಒಂದ್ಸಲ ಕೊಡವಿದ್ರೆ ಸಾಕು. ಆದ್ರೆ ಕೊಡವದೆ ಹಂಗೇ ಒಳಗೆ ತಂದು ಬುಖಾರಿ ಪಕ್ಕ ಇಟ್ವಿ, ಕರಗಿ ನೆಂದು ಕುರಿ ವಾಸನೆ ರೂಮೆಲ್ಲ ತುಂಬ್ತು, ಒಣಗೋಕೆ ಒಂದೂವರೆ ದಿನ ಹಿಡೀತು. ಇದು ಅದರ ದೊಡ್ಡ ತೊಂದರೆ. ಇನ್ನೊಂದು ತೂಕ, ಹೊತ್ಕೊಂಡು ಕೀ ಗೊಂಪಾ ಅನ್ನೋ ಬೌದ್ಧ ಮಠದ ಕಡೆ ನಡೆಯೋಕೆ ಹೋಗ್ಬೇಡಿ, ಆ ಎತ್ತರದಲ್ಲಿ ಉಸಿರಿಗೇ ಕಷ್ಟ. ನಡೆಯೋಕೆ ಥರ್ಮಲ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡಿಯೋ ಜಾಕೆಟ್ ಬೇಕೇ ಬೇಕು.

ಜಾಕೆಟ್ ವಿಷಯದಲ್ಲಿ ಮೋಸ ಹೋದ್ವಿ. ನಂದರ ಜಿಪ್ ತಾಬೋದಲ್ಲೇ ಹಲ್ಲು ಬಿಟ್ಟು ಕೂತ್ಕೊಂತು, ಒಳಗಿನ ತುಂಬು ಬ್ಯಾಗಲ್ಲಿ ಒತ್ತಿಟ್ಟಿದ್ದಕ್ಕೆ ಚಪ್ಪಟೆಯಾಗಿ ಮತ್ತೆ ಉಬ್ಬಲೇ ಇಲ್ಲ. ಬೆಲೆ ಕಂಬಳಿಯ ಎರಡರಷ್ಟು. ಲೇಬಲ್ ಮೇಲಿನ ನಂಬರ್ ನಂಬಿ ಇಂಥ ಊರಿಗೆ ಹೋಗ್ಬೇಡಿ ದಯವಿಟ್ಟು, ಅಲ್ಲಿ ಕೆಟ್ಟರೆ ಬದಲು ಸಿಗಲ್ಲ. ಉಳಿದ ದಿನ ಹೋಂಸ್ಟೇ ಅಮ್ಮನ ಉಣ್ಣೆ ಕೋಟು ಹಾಕ್ಕೊಂಡೇ ಓಡಾಡಿದೆ.

ಆ ಅಮ್ಮ ನಮ್ಮ ಕಂಬಳಿ ಅಂಚನ್ನ ಬೆರಳಲ್ಲಿ ಉಜ್ಜಿ ನೋಡಿ, ಯಾವ ಕುರಿದು, ಬಣ್ಣ ಹಾಕಿದ್ದಾ ಅಂತ ಹಿಂದೀಲಿ ಕೇಳಿದ್ರು. ಬಣ್ಣ ಅಲ್ಲ, ನಮ್ಮ ಕುರಿನೇ ಕರಿ ಅಂದೆ. ನಗ್ತಾ ಬೆಣ್ಣೆ ಹಾಕಿದ ಉಪ್ಪು ಚಹಾ ಇನ್ನೊಂದು ಲೋಟ ಸುರಿದ್ರು.

ಮಲಗೋಕೆ, ಜೀಪಲ್ಲಿ ಕಾಲ್ಮೇಲೆ ಹಾಕ್ಕೊಳ್ಳೋಕೆ ಐದಕ್ಕೆ ಐದು ಕೊಡ್ತೀನಿ, ನಡೆಯೋಕೆ ಒಂದು. ತಗೊಳ್ಳುವಾಗ ಎಳೆ ಬಿಚ್ಚಿ ಸುಟ್ಟು ನೋಡಿ, ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗ್ಬೇಕು, ಪ್ಲಾಸ್ಟಿಕ್ ಥರ ಉಂಡೆಗಟ್ಟಿದ್ರೆ ಅದು ಉಣ್ಣೆ ಅಲ್ಲ. ವಾಷಿಂಗ್ ಮೆಷಿನ್ನಿಗೆ ಹಾಕ್ಬೇಡಿ, ಬಿಸಿಲಿಗೆ ಹರವಿ ಕೊಡವಿ, ಒಣಗಿದ ಬೇವಿನ ಸೊಪ್ಪು ಮಡಿಕೇಲಿಟ್ಟು ಟ್ರಂಕಿಗೆ ಹಾಕಿ. ನಮ್ದು ಈಗ ಅಲ್ಲೇ ಐತೆ.