ಸ್ಟಾಕ್ ಫೋಟೊಗೆ ನಮ್ಮ ಕಡೆ ಯಾವ ಕ್ಯಾಮೆರಾ: ಜೇಬಿನದೋ, ಫೋನೋ, ಡಿಎಸ್‌ಎಲ್‌ಆರೋ?

ಸ್ಟಾಕ್ ಫೋಟೊ ಅಂದರೆ ಬೇಕಾದವರು ಕೊಂಡು ಬಳಸಲಿ ಅಂತ ತಾಣಗಳಲ್ಲಿ ಮಾರಾಟಕ್ಕೆ ಇಡುವ ಫೋಟೊ. ಮೊದಲೇ ಹೇಳಿಬಿಡುತ್ತೇನೆ, ಅದಕ್ಕೆ ನನ್ನ ಮತ ಜೇಬಿನ ಕ್ಯಾಮೆರಾಕ್ಕೆ. ‘ಒಂದು ಇಂಚು’ ಅನ್ನುವ ಅಳತೆಯ ಸೆನ್ಸರ್ (ಬೆಳಕು ಬಿದ್ದು ಚಿತ್ರವಾಗುವ ಚಿಪ್ಪು) ಇರುವ ಕಾಂಪ್ಯಾಕ್ಟ್, ಅಂದರೆ ಜೇಬಿನ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್, 30 ಸಾವಿರದೊಳಗೆ ಸಿಕ್ಕಿತು. ಇಷ್ಟು ದುಡ್ಡಿಗೆ ಇಷ್ಟು ಖುಷಿ ಕೊಟ್ಟ ವಸ್ತು ನನ್ನ ಮನೆಯಲ್ಲಿ ಇನ್ನೊಂದಿಲ್ಲ. ಇದರ ಪಕ್ಕದಲ್ಲಿ ಇಟ್ಟು ನೋಡಿದ್ದು ನನ್ನ ಫೋನು, ನಮ್ಮ ಮಾಮಾನ ಡಿಎಸ್‌ಎಲ್‌ಆರ್ (ಲೆನ್ಸ್ ಬಿಚ್ಚಿ ಬದಲಿಸಬಹುದಾದ ದೊಡ್ಡ ಕ್ಯಾಮೆರಾ), ಮತ್ತೆ ಗೆಳೆಯನೊಬ್ಬನ ಉದ್ದ ಜೂಮಿನ ಚಿಕ್ಕ ಕ್ಯಾಮೆರಾ. ನಾಲ್ಕನ್ನೂ ಕಲಬುರಗಿ, ಬೀದರ್ ಕಡೆಯ ಅದೇ ಅದೇ ಜಾಗಗಳಲ್ಲಿ ಬಳಸಿದ್ದೇನೆ.

ನಾನು ಹೇಗೆ ತಿರುಗುತ್ತೇನೆ ಅನ್ನೋದನ್ನೂ ಹೇಳಬೇಕು. ರಜೆ ಸಿಕ್ಕಾಗ ಬಸ್ಸು, ಇಲ್ಲವೇ ಬೀದರ್ ರೈಲು. ಹೆಗಲಿಗೆ ಒಂದು ಚೀಲ, ಅದರಲ್ಲಿ ನೀರು, ಬುತ್ತಿ. ಕೋಟೆ, ಗುಂಬಜ್, ಬಿದರಿ ಕೆಲಸದವರ ಕೈ, ತೊಗರಿ ಹೊಲ, ದಾಲ್ ಮಿಲ್, ರೊಟ್ಟಿ ಬಡಿಯುವವರು. ಇವುಗಳನ್ನು ತೆಗೆದು ಸ್ಟಾಕ್ ತಾಣಗಳಲ್ಲಿ ಮಾರಾಟಕ್ಕೆ ಇಡುತ್ತೇನೆ. ಮದುವೆ, ಹಕ್ಕಿ, ಆಟೋಟ ನನ್ನ ಕೆಲಸವಲ್ಲ.

ಉದ್ದ ಜೂಮಿನ ಕ್ಯಾಮೆರಾದ ಮಾತು ಬೇಗ ಮುಗಿಸೋಣ. ಅದರ ಸೆನ್ಸರ್ ನನ್ನದರ ಕಾಲು ಭಾಗದಷ್ಟು ಮಾತ್ರ. ಬೆಳಗಿನ ಬಿಸಿಲಲ್ಲಿ ಚೆನ್ನಾಗಿಯೇ ಬರುತ್ತದೆ. ನೆರಳಿಗೆ ಹೋದ ಕೂಡಲೇ ಕಾಳುಕಾಳು ಕಾಣುತ್ತದೆ. ಸ್ಟಾಕ್‌ನಲ್ಲಿ ಫೋಟೊ ಪರೀಕ್ಷೆ ಮಾಡುವವರು ಪೂರ್ತಿ ದೊಡ್ಡದು ಮಾಡಿ ನೋಡುತ್ತಾರೆ. ಅಲ್ಲಿ ಇದು ನಿಲ್ಲಲಿಲ್ಲ.

ಡಿಎಸ್‌ಎಲ್‌ಆರ್ ಮಾತ್ರ ಗಟ್ಟಿ ಎದುರಾಳಿ. ಅದರ ಸೆನ್ಸರ್ ನನ್ನದಕ್ಕಿಂತ ಮೂರು ಪಟ್ಟು ದೊಡ್ಡದು. ಕಾಗದದ ಮೇಲೆ ಅದೇ ಗೆಲ್ಲಬೇಕು, ಅಲ್ವಾ? ಆದರೆ ಬೀದರ್ ಕೋಟೆಯ ರಂಗೀನ್ ಮಹಲಿನ ಒಳಗೆ ಎರಡನ್ನೂ ಹಿಡಿದು ನೋಡಿದೆ. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಅಲ್ಲಿದೆ. ಮರದ ಕಂಬಗಳ ಕೆತ್ತನೆ ಇದೆ. ಬೆಳಕು ಮಾತ್ರ ಬಹಳ ಕಮ್ಮಿ. ಡಿಎಸ್‌ಎಲ್‌ಆರ್ ಜೊತೆ ಬರುವ ಕಿಟ್ ಲೆನ್ಸ್, ಜೂಮ್ ಮಾಡದೆ ಅಗಲ ನೋಟಕ್ಕೆ ಇಟ್ಟಾಗಲೂ, ಎಫ್ 3.5ಕ್ಕೆ ನಿಲ್ಲುತ್ತದೆ, ನನ್ನದು ಎಫ್ 1.8ರವರೆಗೆ ತೆರೆಯುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ತೆರಪು ಅಗಲ. ಲೆಕ್ಕ ಹಾಕಿದರೆ ನನ್ನ ಲೆನ್ಸ್ ಸುಮಾರು ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ಅದು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಹೆಚ್ಚಿಸಿದಷ್ಟೂ ಕಾಳು ಜಾಸ್ತಿ) 1600 ಕೇಳುವಲ್ಲಿ ನನಗೆ 400 ಸಾಕು. ದೊಡ್ಡ ಸೆನ್ಸರಿನ ಲಾಭ ಅಲ್ಲಿಗೆ ಹೋಯಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಎರಡನ್ನೂ ದೊಡ್ಡದು ಮಾಡಿದಾಗ ಯಾವುದು ಯಾವುದರದು ಅಂತ ಮಾಮಾನಿಗೂ ಗುರುತು ಸಿಗಲಿಲ್ಲ.

ಟ್ರೈಪಾಡ್ ಇಟ್ಟರೆ ಆಯಿತಲ್ಲ ಅನ್ನಬಹುದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯುವವರಿಗೆ ತೆರೆದ ಲೆನ್ಸೇ ಆಸರೆ. ಡಿಎಸ್‌ಎಲ್‌ಆರಿಗೂ ಒಳ್ಳೆಯ ಲೆನ್ಸ್ ಕೊಂಡರೆ ಅದು ಮುಂದೆ ಹೋಗುತ್ತದೆ, ಖಂಡಿತ. ಆದರೆ ಆ ಲೆನ್ಸಿನ ಬೆಲೆ ಬೇರೆ, ತೂಕ ಬೇರೆ.

ಜನರ ವಿಷಯವೂ ಇದೆ. ಮಾಮಾನ ಕ್ಯಾಮೆರಾ ಹೊರಗೆ ತೆಗೆದರೆ "ಏನ್ ಶೂಟಿಂಗ್ ಮಾಡ್ಲತ್ತೀರಿ ಅಣ್ಣಾ? ಯಾವ ಚಾನೆಲ್?" ಅಂತ ಸುತ್ತ ನಿಲ್ಲುತ್ತಾರೆ. ಚಿಕ್ಕದು ಹಿಡಿದರೆ "ಸಣ್ಣದೇ ಅದ ಬಿಡ್ರಿ, ತಕ್ಕೋರಿ" ಅಂತಾರೆ. ಬಿದರಿ ಕೆಲಸದ ಕಾಕಾ ಬೆಳ್ಳಿ ತಂತಿ ಕೂರಿಸುತ್ತ ಕೂತಿರುತ್ತಾರೆ, ನಾನು ಪಕ್ಕದಲ್ಲೇ ಕೂತು ತೆಗೆದರೂ ಅವರ ಕೈ ನಿಲ್ಲುವುದಿಲ್ಲ. ಸ್ಟಾಕ್‌ಗೆ ಬೇಕಾದದ್ದು ಅದೇ ಕೈ.

ಫೋನಿನ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಅಡೋಬ್ ಸ್ಟಾಕ್, ಶಟರ್‌ಸ್ಟಾಕ್ ಎರಡರಲ್ಲೂ ಕನಿಷ್ಠ 4 ಮೆಗಾಪಿಕ್ಸೆಲ್ ಇದ್ದರೆ ಸಾಕು. ಹಾಗಾಗಿ ಮೆಗಾಪಿಕ್ಸೆಲ್ ಇಲ್ಲಿ ಸಮಸ್ಯೆಯೇ ಅಲ್ಲ. ಫೋನು ತಾನೇ ಫೋಟೊವನ್ನು ತಿದ್ದುತ್ತದೆ, ತೊಂದರೆ ಇರುವುದು ಅಲ್ಲಿ. ಬೀದರಿನ ಮಹಮೂದ್ ಗವಾನ್ ಮದರಸಾದ ಮೇಲೆ 1472ರ ಕಾಲದ ಬಣ್ಣದ ಹೆಂಚುಗಳು ಇನ್ನೂ ಉಳಿದಿವೆ. ಫೋನಿನ ಪರದೆಯಲ್ಲಿ ಅವು ಥಳಥಳ ಹೊಳೆಯುತ್ತವೆ. ದೊಡ್ಡದು ಮಾಡಿದರೆ ಹೆಂಚಿನ ಗೆರೆಗಳು ಕಲಸಿಹೋಗಿರುತ್ತವೆ, ಮಿನಾರಿನ ಅಂಚಿಗೆ ಬಿಳಿ ಗೆರೆ ಎಳೆದಂತಿರುತ್ತದೆ. ರಾ ಫೈಲ್, ಅಂದರೆ ಫೋನು ತಿದ್ದದ ಮೂಲ ಫೈಲ್, ತೆಗೆದರೆ ಬಿಳಿ ಗೆರೆ ಹೋಗುತ್ತದೆ, ಕಾಳು ಬರುತ್ತದೆ.

ಇನ್ನೊಂದು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಹಫ್ತ್ ಗುಂಬಜ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಫೋನು ಕಾದು ಪರದೆ ತಾನಾಗೇ ಮಂಕಾಗುತ್ತದೆ. ಏನು ತೆಗೆಯುತ್ತಿದ್ದೇನೆ ಅಂತ ಕಾಣುವುದೇ ಇಲ್ಲ. ನನ್ನ ಚಿಕ್ಕ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಇದೆ. ನಮ್ಮ ಕಡೆ ಕೊಳ್ಳುವವರು ಕಿಂಡಿ ಇರುವುದನ್ನೇ ಕೊಳ್ಳಿ. ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತದೆ ಅನ್ನೋದು ಇನ್ನೊಂದು ಸುಖ.

ಈಗ ಈ ಜೇಬಿನ ಕ್ಯಾಮೆರಾದ ಒಂದೇ ಒಂದು ಕಿರಿಕಿರಿ: ಧೂಳು.

2012ರಲ್ಲಿ ಸೋನಿಯ ಆರ್‌ಎಕ್ಸ್100 ಬಂದ ಮೇಲೆ ಈ ಒಂದು ಇಂಚಿನ ಸೆನ್ಸರ್ ಜೇಬಿನೊಳಗೆ ಬಂತು. ಆಮೇಲೆ ಕ್ಯಾನನ್, ಪ್ಯಾನಸಾನಿಕ್ ಕೂಡ ಮಾಡಿದವು. ನನ್ನದು ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯವಲ್ಲ, ಯಾಕಂದ್ರೆ ಲೆನ್ಸ್ ಒಳಗೆ ಹೊರಗೆ ಹೋಗುವ ಎಲ್ಲ ಕ್ಯಾಮೆರಾಕ್ಕೂ ಈ ಅಪಾಯ ಇದೆ. ಆನ್ ಮಾಡಿದಾಗ ಲೆನ್ಸ್ ಹೊರಗೆ ಬರುತ್ತದೆ. ಆಗ ಒಳಗಿನ ಜಾಗ ಹಿಗ್ಗಿ, ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಧೂಳೂ ಹೋಗುತ್ತದೆ. ಒಂದು ಕಣ ಸೆನ್ಸರಿನ ಮೇಲೆ ಕೂತರೆ ಆಯಿತು, ಆಕಾಶ ಇರುವ ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಒಂದು ಬೂದು ಚುಕ್ಕೆ.

ನನ್ನದಕ್ಕೆ ಅದು ಹೊಕ್ಕಿದ್ದು ಶಹಾಬಾದ್ ಕಡೆ. ಕಲ್ಲು ಕೊಯ್ಯುವ ಯಂತ್ರದ ಪಕ್ಕ ನಿಂತು ತೆಗೆಯುತ್ತಿದ್ದೆ. ಕಲ್ಲಿನ ಪುಡಿ ಹಿಟ್ಟಿನಷ್ಟು ನಯ. ಫೋಟೊಗಳು ಬಹಳ ಚೆನ್ನಾಗಿ ಬಂದವು. ಮುಂದಿನ ವಾರ ಬೀದರಿನ ಅಷ್ಟೂರಿನಲ್ಲಿ ಬಹಮನಿ ಗೋರಿಗಳನ್ನು ನೀಲಿ ಆಕಾಶದ ಕೆಳಗೆ ತೆಗೆದೆ. ಎಲ್ಲದರಲ್ಲೂ ಬಲ ಮೂಲೆಯಲ್ಲಿ ಚುಕ್ಕೆ. ಒಂದು ತಾಣ ಇಡೀ ಕಂತನ್ನೇ ವಾಪಸ್ ಕಳಿಸಿತು.

ಡಿಎಸ್‌ಎಲ್‌ಆರ್ ಆಗಿದ್ದರೆ ಲೆನ್ಸ್ ಬಿಚ್ಚಿ, ರಬ್ಬರ್ ಬ್ಲೋವರಿನಿಂದ ಊದಿದರೆ ಬಹುತೇಕ ಹೋಗುತ್ತದೆ. ಇದರಲ್ಲಿ ಲೆನ್ಸ್ ಬಿಚ್ಚುವ ಹಾಗೇ ಇಲ್ಲ. ಊರಿನ ರಿಪೇರಿಯವರು ನೋಡಿ, "ಇದು ಬಿಚ್ಚಿದ್ರ ಮತ್ತ ಸರಿ ಕೂಡಲ್ಲರಿ, ಹೈದರಾಬಾದಿಗೆ ಒಯ್ರಿ" ಅಂದರು. ಪ್ರಾಮಾಣಿಕ ಮಾತು, ನನಗೆ ಮೆಚ್ಚುಗೆಯಾಯಿತು. ಕೆಲವರು ಲೆನ್ಸಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯುತ್ತಾರೆ. ನನಗೆ ಧೈರ್ಯ ಬರಲಿಲ್ಲ, ನಿಮಗೂ ಹೇಳುವುದಿಲ್ಲ.

ದಾರಿ ಸಿಕ್ಕಿದ್ದು ಫೋಟೊಗಳನ್ನೇ ಕೂತು ನೋಡಿದಾಗ. ಎಫ್ 8, ಎಫ್ 11ರಲ್ಲಿ ತೆಗೆದದ್ದರಲ್ಲಿ ಚುಕ್ಕೆ ಎದ್ದು ಕಾಣುತ್ತಿತ್ತು. ಎಫ್ 4ರಲ್ಲಿ ಹುಡುಕಿದರೂ ಸಿಗಲಿಲ್ಲ. ಲೆನ್ಸಿನ ತೆರಪು ಅಗಲ ಇದ್ದಾಗ ಬೆಳಕು ಎಲ್ಲ ಕಡೆಯಿಂದ ಬಂದು ಕಣದ ನೆರಳನ್ನು ಕರಗಿಸುತ್ತದೆ. ತೆರಪು ಕಿರಿದಾದರೆ ನೆರಳು ಚೂಪಾಗುತ್ತದೆ. ಇಷ್ಟು ಚಿಕ್ಕ ಸೆನ್ಸರಿಗೆ ಎಫ್ 8 ಬೇಕಾಗಿಯೇ ಇಲ್ಲ. ಇದರಲ್ಲಿ ಎಫ್ 4 ಅಂದರೆ, ಮುಂದಿನಿಂದ ಹಿಂದಿನವರೆಗೆ ಸ್ಪಷ್ಟ ಬರುವ ಲೆಕ್ಕದಲ್ಲಿ, ಫುಲ್ ಫ್ರೇಮ್ ಅನ್ನುವ ಇನ್ನೂ ದೊಡ್ಡ ಸೆನ್ಸರಿನ ಕ್ಯಾಮೆರಾದ ಎಫ್ 11ಕ್ಕೆ ಸಮ. ಎಫ್ 5.6 ದಾಟಿದರೆ ಚಿತ್ರ ಸ್ವಲ್ಪ ಮೆತ್ತಗೂ ಆಗುತ್ತದೆ. ದೊಡ್ಡ ಕ್ಯಾಮೆರಾದವರ ಪಾಠವನ್ನು ಇದಕ್ಕೆ ಹಚ್ಚಬಾರದು ಅಷ್ಟೇ.

ಎಫ್ 4ರಲ್ಲಿ ನಮ್ಮ ನಡು ಹಗಲಿನ ಬಿಸಿಲು ಸೆಕೆಂಡಿನ 2000ನೇ ಒಂದು ಭಾಗದಷ್ಟು ಶಟರ್ ವೇಗ ಕೇಳುತ್ತದೆ. ನನ್ನ ಕ್ಯಾಮೆರಾದ ಮಿತಿಯೂ ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಕ್ಯಾಮೆರಾದ ಒಳಗೇ ಇರುವ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುತ್ತೇನೆ. ಧೂಳಿನ ಜಾಗದಲ್ಲಿ ಪದೇ ಪದೇ ಆನ್ ಆಫ್ ಮಾಡುವುದಿಲ್ಲ, ತಾನಾಗೇ ಆಫ್ ಆಗುವ ಸಮಯ ಹೆಚ್ಚಿಸಿ ಇಟ್ಟಿದ್ದೇನೆ. ಬಸ್ಸಿನಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ. ದಾಲ್ ಮಿಲ್, ಕಲ್ಲಿನ ಪಾಲಿಶ್ ಜಾಗ ಬಂದರೆ ಅಲ್ಲಿಗೆ ಮಾತ್ರ ಫೋನು. ಆ ಚುಕ್ಕೆ ಇವತ್ತಿಗೂ ಒಳಗೇ ಇದೆ, ಫೋಟೊಗಳು ಮಾತ್ರ ಪಾಸಾಗುತ್ತಿವೆ.

ದುಡ್ಡಿನ ಮಾತು. ಅಡೋಬ್ ಸ್ಟಾಕ್ ಫೋಟೊಗೆ ನೂರಕ್ಕೆ 33 ಕೊಡುತ್ತದೆ. ಶಟರ್‌ಸ್ಟಾಕ್ 2020ರಿಂದ 15ರಿಂದ 40ರವರೆಗೆ ಮೆಟ್ಟಿಲು ಇಟ್ಟಿದೆ, ಪ್ರತಿ ಜನವರಿಗೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಒಂದು ಡೌನ್‌ಲೋಡಿಗೆ ಬರುವುದು ಚಿಲ್ಲರೆ. ಇಂಥ ಆದಾಯಕ್ಕೆ ಲಕ್ಷದ ಕ್ಯಾಮೆರಾ ಹಾಕಿದರೆ ದುಡ್ಡು ಯಾವಾಗ ವಾಪಸ್ ಬರಬೇಕು? ಅದಕ್ಕೇ ನನ್ನ ತೂಕ ಅಗ್ಗದ, ಯಾವಾಗಲೂ ಜೊತೆಗಿರುವ ಕ್ಯಾಮೆರಾದ ಕಡೆ. ಅಂದ ಹಾಗೆ, ಕೀವರ್ಡ್‌ನಲ್ಲಿ ಕಲಬುರಗಿ, ಗುಲ್ಬರ್ಗಾ ಎರಡನ್ನೂ ಬರೆಯಿರಿ. ಹೊರಗಿನವರು ಹಳೆಯ ಹೆಸರಲ್ಲೇ ಹುಡುಕುತ್ತಾರೆ.

ಬೀದರ್ ಕಡೆಯ ಕೃಷ್ಣಮೃಗ ತೆಗೆಯಬೇಕು ಅನ್ನುವವರು ನನ್ನ ಮಾತು ಕೇಳಬೇಡಿ, ಡಿಎಸ್‌ಎಲ್‌ಆರಿಗೆ ಟೆಲಿ ಲೆನ್ಸ್ ಹಾಕಿ. ನನ್ನಂತೆ ಕೋಟೆ, ಕೈಕೆಲಸ, ಹೊಲ ತೆಗೆಯುವವರು ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ನೋಡಿ. ದುಡ್ಡು ಕೊಡುವ ಮೊದಲು ಎಫ್ 11 ಇಟ್ಟು ಬಿಳಿ ಗೋಡೆಯದು ಒಂದು, ಬರೀ ಆಕಾಶದ್ದು ಒಂದು ಫೋಟೊ ತೆಗೆದು, ಮೂಲೆ ಮೂಲೆಯನ್ನೂ ದೊಡ್ಡದು ಮಾಡಿ ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿ ಚುಕ್ಕೆ ಕಂಡರೆ ಬೆಲೆ ಇಳಿಸಿ ಕೇಳಿ.