ಮೂರು ವರ್ಷ ಓಡಿಸಿದ ಮೇಲೆ: ಸ್ಪ್ಲೆಂಡರ್‌ಗೆ ಹಾಕಿಸಿದ ಅರ್ಧ ರೇಟಿನ ಕಾರ್ಬೋರೇಟರ್

ನನ್ನದು 2006ರ ಸ್ಪ್ಲೆಂಡರ್ ಪ್ಲಸ್, 97.2 ಸಿಸಿ. ವಿಜಯಪುರದಿಂದ ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ ದಿನಾ ಓಡಾಟ. ಹಳೇ ಕಾರ್ಬೋರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಸವೆದಿತ್ತು. ಒರಿಜಿನಲ್‌ನ ಅರ್ಧ ರೇಟಿಗೆ ಸಿಕ್ಕಿತು ಅಂತ ಬೇರೆ ಕಂಪನಿಯದ್ದು ಹಾಕಿಸಿದೆ.

ಮೊದಲ ಆರು ತಿಂಗಳು ಚೆನ್ನಾಗಿತ್ತು. ಲೀಟರಿಗೆ 58 ಕಿ.ಮೀ. ಬರುತ್ತಿತ್ತು. ಆಮೇಲೆ ಶುರುವಾಯ್ತು ನೋಡಿ. ಗಾಂಧಿ ಚೌಕದಲ್ಲಿ ನಿಂತರೆ ಸಾಕು, ಇಂಜಿನ್ ಒಮ್ಮೆ ಕೂಗುತ್ತೆ, ಒಮ್ಮೆ ಬಂದ್ ಬೀಳುತ್ತೆ. ನಾನು ಸ್ಕ್ರೂ ಡ್ರೈವರ್ ಹಿಡಿದು ಕೂತೆ. ವಾರಕ್ಕೊಮ್ಮೆ ಟ್ಯೂನಿಂಗ್!

ಟ್ಯೂನಿಂಗ್ ಕಷ್ಟವೇನಲ್ಲ. ನಾಲ್ಕೈದು ಕಿ.ಮೀ. ಓಡಿಸಿ ಇಂಜಿನ್ ಬಿಸಿ ಮಾಡಬೇಕು. ಕಾರ್ಬೋರೇಟರ್‌ನಲ್ಲಿ ಗಾಳಿ-ಪೆಟ್ರೋಲ್ ಅಳತೆ ಹೊಂದಿಸೋ ಸಣ್ಣ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ತೆರೆಯಬೇಕು. ಜೋರಾಗಿ ಬಿಗಿದರೆ ತುದಿ ಹಾಳು. ಆಮೇಲೆ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ತಿರುಗಿಸಿ, ಇಂಜಿನ್ ಎಲ್ಲಿ ಹಗುರಾಗಿ ಜೋರು ಓಡುತ್ತೋ ಅಲ್ಲಿ ನಿಲ್ಲಿಸಿ, ದೊಡ್ಡ ಸ್ಕ್ರೂನಿಂದ ಸ್ಲೋ (ಗಾಡಿ ನಿಂತಾಗಿನ ಇಂಜಿನ್ ವೇಗ) ಇಳಿಸಬೇಕು. ಇಷ್ಟೇ. ಆದರೆ ನಾನು ಸೆಟ್ ಮಾಡಿದ್ದು ಎರಡು ದಿನವೂ ನಿಲ್ಲುತ್ತಿರಲಿಲ್ಲ. ಕಿಡಿ ಹೊತ್ತಿಸೋ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಾಫಿಪುಡಿ ಬಣ್ಣ ಇರಬೇಕಾದಲ್ಲಿ ಸುಣ್ಣದ ಹಾಗೆ ಬೆಳ್ಳಗೆ. ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಕೊನೆಗೆ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಸ್ಕ್ರೂ ಮುಟ್ಟಲೇ ಇಲ್ಲ. ಇಂಜಿನ್ ಚಾಲೂ ಇಟ್ಟು, ಕಾರ್ಬೋರೇಟರ್ ಇಂಜಿನ್‌ಗೆ ಸೇರುವ ಜಾಗಕ್ಕೆ ಬಾಟಲಿಯಿಂದ ನೀರು ಬಿಟ್ಟರು. ಕೂಗಾಟ ಒಂದು ಕ್ಷಣ ನಿಂತಿತು. “ಗಾಳಿ ಇಲ್ಲಿಂದ ಒಳಗ ಹೊಂಟೈತ್ರಿ. ಸ್ಕ್ರೂ ತಿರುವಿ ಏನ್ ಮಾಡ್ತೀರಿ ಸರ?” ಅಂದರು. ಕಂಪನಿ ಕೊಟ್ಟಿದ್ದ ಓ-ರಿಂಗ್ (ಆ ಸಂದು ಮುಚ್ಚೋ ರಬ್ಬರ್ ಬಳೆ) ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಹೊಸದಕ್ಕೆ ಇಪ್ಪತ್ತು ರೂಪಾಯಿ! ನಾನು ಸುಮ್ನೆ ಎರಡು ತಿಂಗಳು ಸ್ಕ್ರೂ ತಿರುಗಿಸಿದ್ದೆ.

ಅದಾದ ಮೇಲೆ ಟ್ಯೂನಿಂಗ್ ಕದಲಿಲ್ಲ. ಬೇಸಿಗೆಯಲ್ಲಿ ಎರೆ ಮಣ್ಣಿನ ಧೂಳಿಗೆ ಸ್ಲೋ ಜೆಟ್ (ನಿಂತಾಗ ಪೆಟ್ರೋಲ್ ಬಿಡೋ ಸಣ್ಣ ತೂತಿನ ನಳಿಕೆ) ಎರಡು ಸಲ ಕಟ್ಟಿಕೊಂಡಿತು. ಅದು ಕಾರ್ಬೋರೇಟರ್ ತಪ್ಪಲ್ಲ, ಏರ್ ಫಿಲ್ಟರ್ ಬದಲಿಸದ ನನ್ನ ತಪ್ಪು.

ಒಂದು ದೂರು ಮಾತ್ರ ಉಳಿದಿದೆ. ಕಾರ್ಬೋರೇಟರ್ ತುಂಬಿದಾಗ ಪೆಟ್ರೋಲ್ ತಡೆಯೋ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚಲ್ಲ. ಎರಡು ಸಲ ಬದಲಿಸಿದೆ, ಆದರೂ ರಾತ್ರಿ ಪೆಟ್ರೋಲ್ ತೊಟ್ಟಿಕ್ಕುತ್ತೆ. ಇನ್ನೊಂದು ಸಲ ಆಗಿದ್ದರೆ ದುಡ್ಡು ಕೂಡಿಸಿ ಒರಿಜಿನಲ್ಲೇ ತಗೊಳ್ತಿದ್ದೆ. ಸದ್ಯಕ್ಕೆ ಗಾಡಿ ನಿಲ್ಲಿಸಿದ ಕೂಡಲೇ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡ್ತೀನಿ. ಮರೆತರೆ ಪಡಸಾಲೆ ತುಂಬ ವಾಸನೆ, ಮನೆಯವಳು ಒಳಗಿನಿಂದಲೇ ಕೇಳ್ತಾಳೆ: “ಕಾಕ್ ಬಂದ್ ಮಾಡೀರಿಲ್ರಿ?”